ಸ್ಲ್ಯಾಗ್ ಸಿಮೆಂಟ್‌ನಲ್ಲಿ ಮನೆ ಕಟ್ಟಿಸಿದವರು ಅನುಭವ ಹೇಳಿ

ಯಲಹಂಕದವ: 30×40 ಸೈಟಿನಲ್ಲಿ ಮನೆ ಶುರು ಮಾಡುತ್ತಿದ್ದೇವೆ. ಓಪಿಸಿ (ಏನೂ ಬೆರೆಸದ ಮಾಮೂಲಿ ಸಿಮೆಂಟ್) ಬದಲು, ತಯಾರಿಸುವಾಗ ಕಾರ್ಬನ್ ಕಡಿಮೆ ಹೊರಬಿಡುವ ಸಿಮೆಂಟೇ ಹಾಕಿಸಬೇಕು ಅಂತ ಆಸೆ. ಮೇಸ್ತ್ರಿ ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟ) ಬೆರೆತದ್ದು ಬೇಡ, ಸೆಟ್ ಆಗೋದು ನಿಧಾನ ಅಂತಿದ್ದಾರೆ. ಬೋರ್ ಇಲ್ಲ, ಟ್ಯಾಂಕರ್ ನೀರು. ಪಿಪಿಸಿ (ಕಲ್ಲಿದ್ದಲಿನ ಹಾರುಬೂದಿ ಬೆರೆತದ್ದು), ಪಿಎಸ್‌ಸಿ (ಸ್ಲ್ಯಾಗ್ ಬೆರೆತದ್ದು), ಎಲ್‌ಸಿ3 (ಸುಟ್ಟ ಜೇಡಿಮಣ್ಣು ಬೆರೆತದ್ದು) ಯಾವುದು ಹಾಕಿಸಿದಿರಿ?

ಕೆಂಗೇರಿ ಮನೆ: ಪಾಯದಿಂದ ಮೋಲ್ಡ್‌ವರೆಗೆ ಪೂರ್ತಿ ಪಿಎಸ್‌ಸಿ. ಮತ್ತೆ ಕಟ್ಟಿಸಿದರೂ ಅದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಿಟ್ಟ ರಾಶಿ ಬೀಳುವಾಗ ಸಿಮೆಂಟಿಗೆ ಅಂತ ಅಷ್ಟೊಂದು ಸುಣ್ಣಕಲ್ಲು ಯಾಕೆ ಸುಡಬೇಕು? ಡಿಸೆಂಬರ್ ಚಳಿಯಲ್ಲಿ ಮೋಲ್ಡ್ ಹಾಕಿಸಿದೆವು. ಇಂಜಿನಿಯರ್ ಸೆಂಟ್ರಿಂಗ್ ಬೇಗ ಬಿಚ್ಚಲು ಬಿಡಲಿಲ್ಲ. ಸೆಂಟ್ರಿಂಗ್‌ನವನು ಶೀಟು, ಜಾಕಿ ಅಂತ 8,500 ಜಾಸ್ತಿ ಕಿತ್ತುಕೊಂಡ. ಟ್ಯಾಂಕರ್ ಮೊದಲು 900, ಆಮೇಲೆ 1,600. ಚೀಲಕ್ಕೆ 35 ರೂಪಾಯಿ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು. ಶೀಟು ಬಿಚ್ಚಿದರೆ ಕಾಂಕ್ರೀಟಿನ ಅಡಿಭಾಗ ನೀಲಿ ಹಸಿರು! ಪಕ್ಕದ ಮನೆಯವರು ಕಳಪೆ ಮಾಲು ಅಂದರು. ಅದು ಸ್ಲ್ಯಾಗ್‌ನ ಗಂಧಕದ ಬಣ್ಣ, ಗಾಳಿ ತಾಗಿ ತಾನಾಗೇ ಹೋಯಿತು. ಇವತ್ತಿಗೂ ಒಂದು ಹನಿ ಸೋರಿಲ್ಲ.

ಬನಶಂಕರಿ 6ನೇ ಹಂತ: ಸೋರಿಲ್ಲ ಅಂದರೆ ಸಾಕಾ? ತಡವಾದರೆ ಬಾಡಿಗೆ ಮನೆಗೆ ದುಡ್ಡು ಕಟ್ಟೋದು ಯಾರು? ನಾನು ಆರ್‌ಎಂಸಿಯಿಂದ (ಕಾಂಕ್ರೀಟ್ ಕಲಸಿ ಲಾರಿಯಲ್ಲಿ ಕಳಿಸುವವರು) ಎಂ25 (28 ದಿನಕ್ಕೆ 25 ಎಂಪಿಎ ಬಲ ಬರಬೇಕಾದ ಕಾಂಕ್ರೀಟ್) ತರಿಸಿದೆ. ಹಾರುಬೂದಿ ಎಷ್ಟು ಬೆರೆಸಿದ್ದಾರೆ ಅಂತ ಚಲನ್‌ನಲ್ಲೂ ಇಲ್ಲ. 7ನೇ ದಿನ ಟೆಸ್ಟಿಗೆ ಎತ್ತಿಟ್ಟ ಕಾಂಕ್ರೀಟ್ ಕ್ಯೂಬ್ ಒಡೆಸಿದರೆ 13 ಎಂಪಿಎ. ಕೆಲಸ ನಿಲ್ಲಿಸಿದೆ. ಮತ್ತೆ ಟೆಸ್ಟಿಗೆ 4,200, ಇಂಜಿನಿಯರ್ ಬಂದು ನೋಡಿದ್ದಕ್ಕೆ 2,500, ಇನ್ನೊಂದು ತಿಂಗಳ ಬಾಡಿಗೆ 22,000. ಬೂದಿ ಹಾಕಿ ದುಡ್ಡು ಉಳಿಸಿದ್ದು ಅವರು, ದಂಡ ತೆತ್ತಿದ್ದು ನಾನು. ಮೇಲಿನ ಮಹಡಿಗೆ ಓಪಿಸಿ 53 ಹಾಕಿಸಿದೆ.

ಕೆಂಗೇರಿ ಮನೆ: 28ನೇ ದಿನದ ಕ್ಯೂಬ್ ಎಷ್ಟು ಬಂತು?

ಬನಶಂಕರಿ 6ನೇ ಹಂತ: 32. ವಿಷಯ ಅದಲ್ಲ.

ಕೆಂಗೇರಿ ಮನೆ: ಅದೇ ವಿಷಯ! ಬೂದಿ, ಸ್ಲ್ಯಾಗ್ ಎರಡೂ ನಿಧಾನಕ್ಕೆ ಗಟ್ಟಿಯಾಗುತ್ತವೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರಲ್ಲೇ ಓಪಿಸಿಗೆ ಕನಿಷ್ಠ 7 ದಿನ, ಬೂದಿ ಅಥವಾ ಸ್ಲ್ಯಾಗ್ ಬೆರೆತದ್ದಕ್ಕೆ 10 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆ ಇಡೋದು) ಅಂತಿದೆ. ಹೇಳದೆ ಬೆರೆಸಿದ್ದು ಮೋಸ, ಒಪ್ಪುತ್ತೇನೆ. ಅದಕ್ಕೆ ಬೂದಿಯನ್ನು ಯಾಕೆ ಬಯ್ಯುತ್ತೀರಿ?

ತಲಘಟ್ಟಪುರ: ಇಬ್ಬರೂ ಚೀಲ ಬದಲಾಯಿಸೋ ಮಾತೇ ಆಡುತ್ತಿದ್ದೀರಿ. ಸಿಮೆಂಟನ್ನೇ ಕಡಿಮೆ ಮಾಡಿ. ನಮ್ಮ ಗೋಡೆಗೆ ಪಾಯ ಅಗೆದ ಮಣ್ಣನ್ನೇ ಜರಡಿ ಹಿಡಿದು, ನೂರಕ್ಕೆ 7 ಪಾಲು ಸಿಮೆಂಟ್ ಸೇರಿಸಿ, ಮೆಷಿನ್ನಲ್ಲಿ ಒತ್ತಿ ಬ್ಲಾಕ್ ಮಾಡಿಸಿದೆವು. ಐಐಎಸ್‌ಸಿಯವರು ಎಷ್ಟೋ ವರ್ಷದಿಂದ ಕೆಲಸ ಮಾಡಿರೋ ವಿಧಾನ ಇದು. ಗೂಡಲ್ಲಿ ಸುಡೋ ಮಾತೇ ಇಲ್ಲ. ಆದರೆ ಬ್ಯಾಂಕಿನಿಂದ ಬಂದವರು ಮಣ್ಣಿನ ಮನೆ ಅಂತ ಸಾಲದಲ್ಲಿ 3 ಲಕ್ಷ ಕಡಿಮೆ ಮಾಡಿದರು. ಆ ಹೊಟ್ಟೆಯುರಿ ಇನ್ನೂ ಇದೆ.

ಬನಶಂಕರಿ 6ನೇ ಹಂತ: ಅವರು ಕೇಳಿದ್ದು ಕಾಂಕ್ರೀಟ್ ಬಗ್ಗೆ. ಮೋಲ್ಡ್‌ಗೆ ಏನು ಹಾಕಿಸಿದಿರಿ?

ತಲಘಟ್ಟಪುರ: ಪಿಪಿಸಿ. ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಪೈಪ್ ಹಿಡಿದು ಸುಮ್ನೆ ಚಿಮುಕಿಸಿ ಹೋಗಲು ಮೇಸ್ತ್ರಿಗೆ ಬಿಡಲಿಲ್ಲ.

ಯಲಹಂಕದವ: ಎಲ್‌ಸಿ3 ಬಗ್ಗೆ ಯಾರೂ ಹೇಳಲಿಲ್ಲ.

ಮಾಗಡಿ ರೋಡ್: ಸುಟ್ಟ ಜೇಡಿಮಣ್ಣು, ಸುಣ್ಣಕಲ್ಲಿನ ಪುಡಿ ಸೇರಿ ಅದರಲ್ಲಿ ಕ್ಲಿಂಕರ್ (ಸುಣ್ಣಕಲ್ಲು ಸುಟ್ಟು ಮಾಡುವ ಸಿಮೆಂಟಿನ ಮೂಲವಸ್ತು) ಅರ್ಧಕ್ಕೆ ಇಳಿಯುತ್ತದೆ. 2023ರಲ್ಲೇ ಅದಕ್ಕೆ ಐಎಸ್ 18189 ಮಾನದಂಡ ಬಂದಿದೆ. ಆದರೂ ಅಂಗಡಿ ಅಂಗಡಿ ಅಲೆದರೂ ನನಗೆ ಚೀಲ ಸಿಗಲಿಲ್ಲ. ಕಾದು ಕೂತರೆ ಕಬ್ಬಿಣದ ರೇಟು ಏರುತ್ತದೆ ಅಂತ ಪಿಪಿಸಿಗೇ ಹೋದೆ.

ಬನಶಂಕರಿ 6ನೇ ಹಂತ: ಯಲಹಂಕದವರೇ, ಟ್ಯಾಂಕರ್ ನಂಬಿಕೊಂಡು ಪಿಎಸ್‌ಸಿಗೆ ಕೈ ಹಾಕಬೇಡಿ.

ಕೆಂಗೇರಿ ಮನೆ: ಹಾಕಿ. ನೀರಿಗೆ, ಸೆಂಟ್ರಿಂಗ್ ಬಾಡಿಗೆಗೆ ಮೊದಲೇ ದುಡ್ಡು ಎತ್ತಿಡಿ. ಇವರ ಸಿಟ್ಟು ಆರ್‌ಎಂಸಿಯವರ ಮೇಲೆ, ಪಿಎಸ್‌ಸಿ ಚೀಲ ಇವರು ಬಿಚ್ಚೇ ಇಲ್ಲ.