ಅಪ್‌ಡೇಟ್: ತಂದೆಯವರ ಮೆದುಳಿನ ಗಡ್ಡೆ ಲಿಂಫೋಮಾ ಎಂದು ಖಚಿತವಾಯಿತು

ಸ್ಟಿರಾಯ್ಡ್ ಕೊಟ್ಟ ಮೇಲೆ ಎಂಆರ್‌ಐನಲ್ಲಿ ಗಡ್ಡೆ ಬಹುತೇಕ ಮಾಯವಾಗಿದೆ, ಇನ್ನೂ ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಏಕೆ ಎಂದು ನಾನು ಕೇಳಿದ್ದೆ. ಬೇಕೇ ಬೇಕು ಎಂದವರ ಮಾತು ನಿಜವಾಯಿತು. ಲಿಂಫೋಮಾ ಎಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ಅದರ ಜೀವಕೋಶಗಳು ಸ್ಟಿರಾಯ್ಡ್‌ಗೆ ಕರಗುತ್ತವೆಯಾದರೂ ರೋಗ ವಾಸಿಯಾಗುವುದಿಲ್ಲ. ಆ ಹೊತ್ತಿನಲ್ಲಿ ತೆಗೆದ ತುಣುಕಿನಲ್ಲಿ ಬರಿಯ ಉರಿಯೂತ ಕಂಡು, ರೋಗವೇ ಕಣ್ತಪ್ಪಿಸಿಕೊಳ್ಳಬಹುದು. ನಮ್ಮ ಮೊದಲ ಬಯಾಪ್ಸಿಯಲ್ಲಿ ಆದದ್ದೂ ಅದೇ. ವೈದ್ಯರು ಸ್ಟಿರಾಯ್ಡನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ನಿಲ್ಲಿಸಿದ ಏಳನೆಯ ವಾರ ತಂದೆಯವರ ಎಡಗೈಯಿಂದ ಕಾಫಿ ಲೋಟ ಜಾರಿತು. ಅವರಿಗೆ ಅದು ಜಾರಿದ್ದೇ ತಿಳಿದಿರಲಿಲ್ಲ. ಎರಡನೆಯ ಬಯಾಪ್ಸಿಯಲ್ಲಿ ಲಿಂಫೋಮಾದ ಒಂದು ಬಗೆಯಾದ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಎಂದು ಬಂತು.

ಬೆನ್ನುಹುರಿಯ ದ್ರವವನ್ನೂ ಪರೀಕ್ಷಿಸಿದರು, ಪೆಟ್ ಸ್ಕ್ಯಾನ್ ಮಾಡಿದರು. ಈ ರೋಗ ಕಣ್ಣಿನೊಳಗೂ ಅಡಗಿರಬಹುದಾದ್ದರಿಂದ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಪರೀಕ್ಷೆಯೂ ಆಯಿತು. ಎಲ್ಲವೂ ಸ್ವಚ್ಛವಾಗಿದ್ದವು.

ಈಗ ರಿಟುಕ್ಸಿಮ್ಯಾಬ್ (ಲಿಂಫೋಮಾ ಕೋಶಗಳನ್ನು ಗುರಿಯಾಗಿಸುವ ಔಷಧಿ) ಜೊತೆಗೆ ಹೆಚ್ಚಿನ ಪ್ರಮಾಣದ ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧಿ ನಡೆಯುತ್ತಿದೆ. ಮಾಮೂಲಿ ಕೀಮೋ ಔಷಧಿಗಳಲ್ಲಿ ಹೆಚ್ಚಿನವು ರಕ್ತ ಮತ್ತು ಮೆದುಳಿನ ನಡುವಿನ ತಡೆಯನ್ನು ಸರಿಯಾಗಿ ದಾಟಲಾರವು. ಮೆಥೊಟ್ರೆಕ್ಸೇಟ್ ಈ ಪ್ರಮಾಣದಲ್ಲಿ ದಾಟುತ್ತದೆ. ಮೂತ್ರಪಿಂಡಕ್ಕೆ ಪೆಟ್ಟಾಗದಂತೆ ಡ್ರಿಪ್‌ನಲ್ಲಿ ಸೋಡಾ ಬೈಕಾರ್ಬೊನೇಟ್ ಕೊಡುತ್ತಾರೆ. ಮೂತ್ರದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7ಕ್ಕಿಂತ ಕೆಳಗಿಳಿಯಬಾರದೆಂದು ನರ್ಸಮ್ಮ ಪ್ರತಿ ಬಾರಿಯೂ ಪಟ್ಟಿ ಅದ್ದಿ, ಬಣ್ಣವನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಮೆಥೊಟ್ರೆಕ್ಸೇಟ್‌ನ ದುಷ್ಪರಿಣಾಮ ತಗ್ಗಿಸುವ ಲ್ಯೂಕೊವೊರಿನ್, ಮೆಥೊಟ್ರೆಕ್ಸೇಟ್‌ನ ಮಟ್ಟ ರಕ್ತದಲ್ಲಿ ಇಳಿಯುವವರೆಗೆ.

ಮೂರು ಸುತ್ತು ಮುಗಿದಿವೆ. ಮುಂದಿನ ಎಂಆರ್‌ಐ ನೋಡಿ ಕಾಂಡಕೋಶ (ಸ್ಟೆಮ್ ಸೆಲ್) ಕಸಿಯ ವಿಚಾರ ನಿರ್ಧರಿಸುತ್ತಾರೆ. ಇಡೀ ಮೆದುಳಿಗೆ ವಿಕಿರಣ ಕೊಟ್ಟರೆ ಈ ವಯಸ್ಸಿನಲ್ಲಿ ನೆನಪಿನ ಶಕ್ತಿ ಕುಂದುವ ಅಪಾಯ ಹೆಚ್ಚು. ಸಾಧ್ಯವಾದಷ್ಟು ಅದನ್ನು ದೂರವಿಡಬೇಕೆಂಬುದೇ ನಮ್ಮ ಆಸೆ. ನಿನ್ನೆ ಅವರು ಎಡಗೈಯಿಂದಲೇ ಅಂಗಿಯ ಗುಂಡಿ ಹಾಕಿಕೊಂಡರು.