ಸಹಾಯ ಬೇಕು: ಎಂಜಿನ್ ಬದಲಿಸಿದ ಅಂಬಾಸಿಡರ್‌ನ ಮುಂಭಾಗದ ಸಸ್ಪೆನ್ಷನ್

ಮಾನ್ಯರೇ, ನನ್ನ ಹಳೆಯ ಅಂಬಾಸಿಡರ್‌ಗೆ ಮೊದಲಿದ್ದ ಪೆಟ್ರೋಲ್ ಎಂಜಿನ್ ಇಳಿಸಿ ಭಾರವಾದ ಡೀಸೆಲ್ ಎಂಜಿನ್ ಕೂರಿಸಿದ ಮೇಲೆ ಮುಂಭಾಗ ತಗ್ಗಿದ್ದು, ಎಡಗಡೆಯ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸುವುದೂ ಕಷ್ಟವಾಗಿದೆ. ಶ್ರೀರಂಗಪಟ್ಟಣದ ಕಡೆ ಹೋಗುವಾಗ ಹಂಪ್ ಇಳಿದೊಡನೆ ಅದೇ ಬದಿಯಿಂದ ಟಕ್ಕೆಂಬ ಸದ್ದು ಬರುತ್ತದೆ. ಟೈರಿನ ಒಳ ಅಂಚು ಮಾತ್ರ ಸವೆದಿದೆ.

ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ (ಸಡಿಲ ಅಲುಗಾಟ) ಕಾಣುತ್ತದೆ, ಒಳಗೆ ಕುಳಿತವರು ಬ್ರೇಕ್ ಒತ್ತಿ ಹಿಡಿದಾಗಲೂ ಅದು ಹೋಗುವುದಿಲ್ಲವಾದ್ದರಿಂದ ನನ್ನ ಅನುಮಾನ ವೀಲ್ ಬೇರಿಂಗಿಗಿಂತ ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ಕೊಳವೆಯಂಥ ಬುಷ್‌ಗಳ ಮೇಲಿದೆ. ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು) ಇರುವ ಈ ಗಾಡಿಗೆ, ಸ್ಪ್ರಿಂಗ್ ಬದಲಿಸಿ ಎಂಬ ಗ್ಯಾರೇಜಿನವರ ಸಿದ್ಧ ಸಲಹೆ ಉಪಯೋಗಕ್ಕೆ ಬಾರದು. ಬಾರ್ ತಿರುಗಿಸಿ ಕೂರಿಸಿದರೆ ಎತ್ತರ ಸಿಗುತ್ತದೆಯೇ ಹೊರತು ಬಿಗಿ ಹೆಚ್ಚುವುದಿಲ್ಲ.

ಇಂತಹ ಎಂಜಿನ್‌ಗೆ ದಪ್ಪನೆಯ ಬಾರ್ ಹಾಕಿಸಿದವರು ಇದ್ದೀರಾ? ಮೈಸೂರು ಅಥವಾ ಮಂಡ್ಯದಲ್ಲಿ ಈ ಕೆಲಸ ಬಲ್ಲ ಹಳೆಯ ಮೆಕ್ಯಾನಿಕ್ ಯಾರೆಂದು ದಯವಿಟ್ಟು ತಿಳಿಸಿ.