ಕೆರೆ ತುಂಬಿದೆ, ಕೆಸರಿನ ಹಕ್ಕಿಗಳು ಮಾಯ – ಕಾರಣ ಏನು?

ಹೊಲದಬದು (ಕೋಲಾರ)

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯೋಕೆ ಶುರುವಾದ ಮೇಲೆ ನಮ್ಮೂರ ಕೆರೆ ವರ್ಷವಿಡೀ ಕೋಡಿ ಮಟ್ಟದಲ್ಲೇ ನಿಂತಿದೆ. ಮೊದಲು ಸಂಕ್ರಾಂತಿ ಹೊತ್ತಿಗೆ ಅಂಗಳದಲ್ಲಿ ಕೆಸರು ಕಾಣ್ತಿತ್ತು. ಸ್ಟಿಂಟ್ ಅನ್ನೋ ಪುಟ್ಟ ಕೆಸರುಹಕ್ಕಿ, ಗದ್ದೆಗೊರವ, ಮೆಟ್ಟುಗಾಲು ಹಕ್ಕಿ, ಸೂಜಿಬಾಲದ ಬಾತು ಎಲ್ಲಾ ಇಳೀತಿದ್ದವು. ಈಗ ನಾಮದ ಕೋಳಿ, ನೀರುಕಾಗೆ ಬಿಟ್ರೆ ಏನಿಲ್ಲ. ನೀರು ಹೆಚ್ಚಿದ್ರೆ ಹಕ್ಕಿನೂ ಹೆಚ್ಚಬೇಕಲ್ವಾ? ನೀರೇ ಕೆಟ್ಟಿದೆಯಾ? ಪಂಚಾಯ್ತಿಲಿ ಹೂಳೆತ್ತೋ ಮಾತು ನಡೀತಿದೆ, ಅದರ ಜೊತೆಗೇ ಏನಾದ್ರೂ ಮಾಡಬಹುದಾ ತಿಳಿಸಿ.

ಏರಿಮೇಲೆ

ನೀರು ಕೆಟ್ಟಿದೆಯೋ ಇಲ್ಲವೋ ಆಮೇಲಿನ ಮಾತು. ಮೊದಲು ಕಾಲು, ಕೊಕ್ಕು ಅಳೀರಿ. ಸ್ಟಿಂಟ್ 25 ಗ್ರಾಂ ಕೂಡ ತೂಗೋದು ಕಷ್ಟ, ಕೊಕ್ಕು 2 ಸೆಂ.ಮೀ.ಗೂ ಕಮ್ಮಿ. ಅದಕ್ಕೆ ಒದ್ದೆ ಕೆಸರು, ಹೆಚ್ಚೆಂದರೆ ಎರಡು ಮೂರು ಸೆಂ.ಮೀ. ನೀರು ಬೇಕು. ಗದ್ದೆಗೊರವ ಅದಕ್ಕಿಂತ ಸ್ವಲ್ಪ ಮುಂದೆ ಹೋಗುತ್ತೆ. ಮೆಟ್ಟುಗಾಲು ಹಕ್ಕಿಗೆ ಗೇಣುದ್ದ ನೀರಿದ್ರೂ ನಡೆಯುತ್ತೆ. ಸೂಜಿಬಾಲದ ಬಾತು ಬಾಲ ಮೇಲೆ ಮಾಡಿ ತಲೆಕೆಳಗಾಗಿ ತಳ ಮುಟ್ಟೋದು ಸುಮಾರು 30 ಸೆಂ.ಮೀ. ತನಕ. ಅದು ಮುಳುಗು ಬಾತಲ್ಲ, ಆಳ ಒಂದು ಮೀಟರ್ ಆದ್ರೆ ತಳದ ಬೀಜ, ಹುಳ ಅದರ ಪಾಲಿಗೆ ಇಲ್ಲ. ಶೋವೆಲರ್ ಬಾತು ಮಾತ್ರ ಬೇರೆ ಲೆಕ್ಕ: ಸಲಿಕೆಯಂಥ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಎಳೆಗಳಿವೆ, ಮೇಲಿನ ನೀರನ್ನೇ ಸೋಸಿ ತಿನ್ನುತ್ತೆ. ತುಂಬಿದ ಕೆರೆಯಲ್ಲೂ ಅದು ಸಿಗಬಹುದು, ನೋಡಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕರಾವಳಿಯ ಅಘನಾಶಿನಿ ಅಳಿವೆಯಲ್ಲಿ ಉಬ್ಬರ ಇಳಿತದ ಸುತ್ತು ಸುಮಾರು 12 ಗಂಟೆ 25 ನಿಮಿಷಕ್ಕೊಂದು. ನೀರು ಸರಿದಾಗಲೆಲ್ಲ ಕೆಸರು ತೆರೆಯುತ್ತೆ, ಹಗಲೋ ರಾತ್ರಿಯೋ ನೋಡದೆ ಹಕ್ಕಿ ಮೇಯುತ್ತೆ. ನಮ್ಮ ಕೆರೆಗಳಿಗೆ ವರ್ಷಕ್ಕೆ ಒಂದೇ ಇಳಿತ. ದಿನಕ್ಕೆ 6 ಮಿ.ಮೀ. ನೀರು ಇಳೀತು ಅಂತಿಟ್ಕೊಳ್ಳಿ. ಅಂಗಳದ ಇಳಿಜಾರು ನೂರಕ್ಕೆ ಒಂದಿದ್ರೆ ನೀರಂಚು ದಿನಾ 60 ಸೆಂ.ಮೀ. ಹಿಂದೆ ಸರಿಯುತ್ತೆ. ಆ ಹೊಸ ಪಟ್ಟಿಯೇ ಅವತ್ತಿನ ಊಟ. ಬಿರುಕು ಬಿಟ್ಟು ಒಣಗಿದ ಮಣ್ಣಲ್ಲಿ ಏನೂ ಸಿಗಲ್ಲ. ಸರಣಿ ಕೆರೆಗಳು ಒಂದಾದ ಮೇಲೊಂದು ಬತ್ತುತ್ತಿದ್ದಾಗ ಹಕ್ಕಿ ಈ ಕೆರೆ ಮುಗಿಸಿ ಆ ಕೆರೆಗೆ ಹೋಗ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಆ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಕೆರೆಯಿಂದ ಕೆರೆಗೆ ಇಳಿದು ಬರ್ತಿದೆ. ಬೋರ್‌ವೆಲ್‌ಗೆ ಒಳ್ಳೇದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎಲ್ಲಾ ಕೆರೆ ಒಟ್ಟಿಗೆ ತುಂಬಿದ್ರೆ ಇಳಿತ ಅನ್ನೋದೇ ಇರಲ್ಲ.

ಗೋಡುಮಣ್ಣು (ಗೌರಿಬಿದನೂರು)

ಆಳದ ಮಾತು ಒಪ್ಪಿದೆ. ಹಾಗಂತ ಕೆಸರು ಪರೀಕ್ಷೆ ಮಾಡದೆ ಬಿಡಬೇಡಿ, ಅರ್ಧ ಗಂಟೆ ಕೆಲಸ. ಎರಡೂ ಬದಿ ಕತ್ತರಿಸಿದ, 10 ಸೆಂ.ಮೀ. ಅಗಲದ ಡಬ್ಬ ತಗೊಳ್ಳಿ. ನೀರಂಚಿನಲ್ಲಿ 5 ಸೆಂ.ಮೀ. ಆಳಕ್ಕೆ ಒತ್ತಿ, ಕೆಳಗೆ ಕರಣೆ ಕೊಟ್ಟು ಎತ್ತಿ. ಬಕೆಟ್ ನೀರಲ್ಲಿ ಕದಡಿ ಹಿಟ್ಟಿನ ಜರಡಿಯಲ್ಲಿ ಸೋಸಿ. ರವೆ ಜರಡಿ ಬೇಡ, ಕಣ್ಣು ದೊಡ್ಡದು, ಸಣ್ಣ ಹುಳ ಜಾರಿಹೋಗುತ್ತೆ. ಉಳಿದಿದ್ದನ್ನ ಬಿಳಿ ತಟ್ಟೆಗೆ ಹಾಕಿದ್ರೆ ಕೆಂಪು ದಾರದ ತುಂಡಿನ ಹಾಗೆ ಬಳುಕುವ ಹುಳ ಕಾಣುತ್ತೆ. ಕಚ್ಚದ ಸೊಳ್ಳೆಯಂಥ ನೊಣದ ಮರಿ ಅದು. ಮೈಯಲ್ಲಿ ಹಿಮೋಗ್ಲೋಬಿನ್ ಇರೋದಕ್ಕೆ ಆಮ್ಲಜನಕ ಕಮ್ಮಿಯಿದ್ರೂ ಬದುಕುತ್ತೆ. ಒಂದೇ ಡಬ್ಬ ನಂಬಬೇಡಿ, ಐದು ಕಡೆ ತೆಗೀರಿ.

ಬಣ್ಣನೂ ನೋಡಿ. ಮೇಲೆ ಕಂದು ಪದರ, ಕೆಳಗೆ ಕಪ್ಪು ಇದ್ರೆ ಮಾಮೂಲು. ಮೇಲಿಂದಲೇ ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಉಸಿರು ಕಟ್ಟಿದ ಕೆಸರು ಅಂತ. ಒಬ್ಬರೇ ಇಳೀಬೇಡಿ, ಹೂಳಲ್ಲಿ ತೊಡೆತನಕ ಹೂತ್ರೆ ಈಚೆ ಬರೋದು ಸುಲಭ ಅಲ್ಲ.

ಕೋಡಿಕಲ್ಲು (ತುಮಕೂರು)

ಹೂಳೆತ್ತೋ ವಿಷಯಕ್ಕೆ ಬರ್ತೀನಿ, ಕೆಡೋದೇ ಅಲ್ಲಿ. ಕೆರೆ ಇರೋದು ಊಟದ ತಟ್ಟೆ ಹಾಗೆ: ಏರಿ ಕಡೆ ಆಳ, ನೀರು ಬರೋ ಕಡೆ ಮೆಲ್ಲಗೆ ಏರು. ಜೆಸಿಬಿಯವರು ಸುತ್ತಲೂ ನೆಟ್ಟಗೆ ಕಡಿದು ಬೋಗುಣಿ ಮಾಡಿಬಿಡ್ತಾರೆ, ತೆಗೆದ ಗೋಡನ್ನ ಅಂಚಿಗೇ ಬದು ಹಾಕ್ತಾರೆ. ಅಲ್ಲಿಗೆ ಕೆಸರಂಚಿನ ಕಥೆ ಮುಗೀತು.

ನಿಮ್ಮದರಲ್ಲಿ ನೀರು ಕೋಡಿ ಮಟ್ಟ ಬಿಟ್ಟು ಕದಲಲ್ಲ ಅಂದ್ರಿ. ಆ ನೀರು ಅಂತರ್ಜಲ ಮರುಪೂರಣಕ್ಕೆ ಬಿಟ್ಟಿದ್ದು, ತೂಬೆತ್ತಿ ಇಳಿಸೋ ಯೋಚನೆ ಬಿಡಿ. ನೀರು ಇಳಿಯದಿದ್ರೆ ನೆಲ ಏರಿಸಬೇಕು. ಹಿನ್ನೀರಿನ ತುದೀಲಿ ಈಗಿರೋ ತೆಳು ನೀರಿನ ಜಾಗಕ್ಕೆ ಯಂತ್ರ ಇಳಿಸಲೇಬೇಡಿ, ಅದು ಖರ್ಚಿಲ್ಲದ ಕೆಲಸ. ಸಾಲದಿದ್ರೆ ಅದರ ಪಕ್ಕ ಕೋಡಿಗಿಂತ 10 ಸೆಂ.ಮೀ. ಮೇಲಿಂದ 30 ಸೆಂ.ಮೀ. ಕೆಳಗಿನ ತನಕ ನೂರಕ್ಕೊಂದು ಇಳಿಜಾರು ಕೊಡಿ. ಅಗಲ 40 ಮೀಟರ್ ಆಗುತ್ತೆ. ಉದ್ದ 100 ಮೀಟರ್, ಸರಾಸರಿ ಮುಕ್ಕಾಲು ಮೀಟರ್ ಭರ್ತಿ ಅಂದ್ರೆ 3,000 ಘನ ಮೀಟರ್ ಮಣ್ಣು. ಟ್ರಾಕ್ಟರ್ ಟ್ರೈಲರ್‌ಗೆ 3 ಘನ ಮೀಟರ್ ಹಿಡಿದ್ರೆ ಸಾವಿರ ಲೋಡು. ಕೆಳಗಂಚಿಗೆ ಮೊದಲು ಗರಸು ಹಾಕಿ. ಬರೀ ಗೋಡು ಹಾಕಿದ್ರೆ ನೆನೆದು ಜಾರಿ ಆಳಕ್ಕೆ ಹೋಗುತ್ತೆ. ಮೊದಲ ವರ್ಷ ಮಣ್ಣು ಕೂರುತ್ತೆ, ಆಮೇಲೆ ಮಟ್ಟ ನೋಡಿ ಇನ್ನಷ್ಟು ಹಾಕಿ.

ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ್ರೆ ಸಣ್ಣ ನೀರಾವರಿ ಇಲಾಖೆ ಅನುಮತಿ ಬೇಕು, ಪಂಚಾಯ್ತಿ ಠರಾವು ಒಂದೇ ಸಾಲದು.

ಹೊಲದಬದು (ಕೋಲಾರ)

ಮೀನು ಗುತ್ತಿಗೆಯವರು ತಕರಾರು ಮಾಡ್ತಾರೆ. ಮತ್ತೆ ಆ ತೆಳು ನೀರಲ್ಲಿ ಜೊಂಡು ಹಬ್ಬಲ್ವಾ ಸಾರ್?

ಕೋಡಿಕಲ್ಲು (ತುಮಕೂರು)

ಹಬ್ಬುತ್ತೆ, ಅದೇ ದೊಡ್ಡ ತಲೆನೋವು. ಜೊಂಡನ್ನ ನೀರಿನ ಮಟ್ಟಕ್ಕಿಂತ ಕೆಳಗೆ ಕೊಯ್ಯಬೇಕು, ಬುಡದೊಳಕ್ಕೆ ನೀರು ನುಗ್ಗಿದ್ರೆ ಸಾಯುತ್ತೆ. ಮೇಲೆ ಕೊಯ್ದ್ರೆ ವಾರದಲ್ಲಿ ಮತ್ತೆ ಚಿಗುರು. ದನ, ಎಮ್ಮೆನ ಅಲ್ಲಿ ಮೇಯೋಕೆ ಬಿಡಿ. ಗೊರಸು ತುಳಿತಕ್ಕೆ ಹುಲ್ಲು ಗಿಡ್ಡವಾಗಿರುತ್ತೆ, ಹಕ್ಕಿಗೂ ತೆರೆದ ಜಾಗವೇ ಬೇಕು. ಅಂತರಗಂಗೆ ತೇಲಿ ಬರದ ಹಾಗೆ ಖಾಲಿ ಕ್ಯಾನ್ ಕಟ್ಟಿದ ಹಗ್ಗ ಅಡ್ಡ ಎಳೀರಿ. ಮೀನಿನವರಿಗೆ ಹೇಳಿ: ಬಲೆ ಬೀಸೋ ಆಳದ ಜಾಗ ಮುಟ್ಟಲ್ಲ ಅಂತ. ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮರಿ ಕಮ್ಮಿ ಬಿಡಿಸಿ, ಅದು ತಳ ಕೆದಕಿ ಅದೇ ಕೆಂಪು ಹುಳ ತಿನ್ನುತ್ತೆ.

ಏರಿಮೇಲೆ

ಒಂದು ಎಚ್ಚರಿಕೆ ಸೇರಿಸ್ತೀನಿ. ಮಾರ್ಚ್-ಏಪ್ರಿಲ್‌ನಲ್ಲಿ ತೆಳು ನೀರು ಬಿಸಿಯಾಗಿ ಕೊಳೆತ್ರೆ ಬಾಟುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಹಕ್ಕಿಗೆ ಲಕ್ವ ಹೊಡೆಯೋ ಕಾಯಿಲೆ) ಬರಬಹುದು. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿ ಸತ್ತಿದ್ದು ಅದರಿಂದಲೇ. ಬಾತು ರೆಕ್ಕೆ ಎಳೀತಾ ಕೂತಿದ್ರೆ, ಕತ್ತು ಎತ್ತೋಕಾಗದೆ ನೀರಿಗೆ ಬಿಟ್ಟಿದ್ರೆ ಪಶು ಆಸ್ಪತ್ರೆಗೆ, ಅರಣ್ಯ ಇಲಾಖೆಗೆ ತಕ್ಷಣ ಹೇಳಿ. ಹಕ್ಕಿಜ್ವರವೂ ಇರಬಹುದು, ಬರಿಗೈಲಿ ಮುಟ್ಟಬೇಡಿ. ಸತ್ತಿದ್ದನ್ನ ಮಾತ್ರ ಅವತ್ತೇ ಅವರಿಂದ ಎತ್ತಿಸಿ: ಹೆಣದಲ್ಲಿ ಬಿದ್ದ ಹುಳಕ್ಕೆ ವಿಷ ಏನೂ ಮಾಡಲ್ಲ, ಆ ಹುಳ ತಿಂದ ಬಾತು ಬೀಳುತ್ತೆ.